ವೀರಗಲ್ಲು ಹೇಳದ ಮೂರನೆಯ ಗತಿ

ಯೋಧನ ಬಾಳನ್ನು ಕುರಿತು ಕನ್ನಡದಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ನಾವು ಥಟ್ಟನೆ ಪಂಪ, ರನ್ನರ ಹೆಸರನ್ನು ಹೇಳುತ್ತೇವೆ. ಅದು ಸರಿಯೇ. ಅನ್ನವಿಕ್ಕಿದವನ ಋಣವನ್ನು ಒಡಹುಟ್ಟಿದವರ ನಂಟಿಗಿಂತ ಹಿರಿದೆಂದು ಎಣಿಸಿ ಮಡಿದ ಪಂಪನ ಕರ್ಣನನ್ನು ಮರೆಯುವುದು ಹೇಗೆ? ಆದರೆ ಆ ಕಾವ್ಯಗಳ ನಾಯಕರೆಲ್ಲ ಅರಸುಮಕ್ಕಳು. ಹೆಸರಿಲ್ಲದ ಆಳಿನ ಕಥೆ ಬೇಕಾದರೆ ಊರ ಹೊರಗಿನ ವೀರಗಲ್ಲುಗಳ ಬಳಿಗೇ ಹೋಗಬೇಕು. ಅವುಗಳನ್ನು ಚರಿತ್ರಕಾರರು ಬೇಕಾದಷ್ಟು ಶೋಧಿಸಿದ್ದಾರೆ. ಸಾಹಿತ್ಯವೆಂದು ಓದಿದವರು ಕಡಿಮೆ. ಹಾಗೆ ಓದಿದಾಗ ನನಗೆ ತೋರಿದ ಒಂದೆರಡು ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗೆ ಕಾಳಗ, ನಡುವೆ ಸತ್ತವನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಕೈಲಾಸ, ಲಿಂಗದ ಸನ್ನಿಧಿಯಲ್ಲಿ ವೀರ. ಹಲವು ಕಲ್ಲುಗಳಲ್ಲಿ ಒಂದು ಸಂಸ್ಕೃತ ಶ್ಲೋಕವೂ ಉಂಟು. ಗೆಲುವಿಗೆ ಸಿರಿಯನ್ನು, ಸಾವಿಗೆ ಸ್ವರ್ಗವನ್ನು ಅದು ಬೆಲೆಯಾಗಿ ಕಟ್ಟುತ್ತದೆ. ಲೆಕ್ಕ ಎರಡೇ ಬಾಬಿನದು. ಗಾಯಗೊಂಡು ಬದುಕಿದವನು, ಸೆರೆಸಿಕ್ಕಿದವನು, ವಯಸ್ಸಾಗಿ ಕತ್ತಿ ಕೆಳಗಿಟ್ಟವನು, ಇವರಿಗೆ ಆ ಶಿಲ್ಪದಲ್ಲಿ ಪಟ್ಟಿಕೆಯಿಲ್ಲ, ಆ ಶ್ಲೋಕದಲ್ಲಿ ಪಾದವಿಲ್ಲ. ಯಾವ ಕಾಲದ ಯಾವ ಸೈನ್ಯದಲ್ಲಾದರೂ ಬಹುಮಂದಿಯ ಪಾಡು ಈ ಮೂರನೆಯ ಗತಿಯೇ ಅಲ್ಲವೆ?

ಶಿಲ್ಪಿಗಿಂತ ಶಾಸನದ ಬರಹಗಾರ ಹೆಚ್ಚು ಲೋಕ ಬಲ್ಲವನು. ಅವನ ಬಳಿ ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಮಾತುಗಳಿವೆ. ಮಡಿದವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ಎಷ್ಟು ನೇರವಾದ ಹೆಸರು! ಬೆಂಗಳೂರಿನ ಪಕ್ಕದ ಬೇಗೂರಿನ ಗಂಗರ ಕಾಲದ ಪ್ರಸಿದ್ಧ ಕಲ್ಲನ್ನೇ ನೋಡಿ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಮಡಿದದ್ದನ್ನು ಹೇಳಿ, ಅವನ ಪಟ್ಟವನ್ನೂ ಬೇಗೂರು ಹನ್ನೆರಡನ್ನೂ ಇರುಗನಿಗೆ ಕೊಟ್ಟದ್ದನ್ನು ತಿಳಿಸಿ, ಆಮೇಲೆ ಊರುಗಳ ಹೆಸರುಗಳನ್ನು ಒಂದೊಂದಾಗಿ ಎಣಿಸುತ್ತದೆ. ಕಾವ್ಯರಸಿಕರಿಗೆ ಇದು ಕಂದಾಯದ ಕಡತವಾಗಿ ಕಂಡೀತು. ನನಗಂತೂ ಆ ಪಟ್ಟಿಯೇ ಬರಹದ ಜೀವ. ಸತ್ತವನ ಹಿಂದೆ ಉಣ್ಣುವ ಬಾಯಿಗಳಿವೆ ಎಂಬುದನ್ನು ಅದು ಮರೆತಿಲ್ಲ.

ಇನ್ನೊಂದು ಆತಕೂರಿನ ಶಾಸನ, ಶಕ 872ರದು, ಎಂದರೆ ಕ್ರಿ.ಶ. 949-50. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಹತನಾದ ಮೇಲೆ ಗಂಗ ಬೂತುಗ ತನ್ನ ಬಂಟ ಮಣಲೆರನಿಗೆ ಮೆಚ್ಚಿ, ಬೇಕಾದ್ದನ್ನು ಕೇಳೆಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದರೊಡನೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟರು, ಪೂಜೆಗೆ ಭೂಮಿ ಬಿಟ್ಟರು. ಮಣಲೆರನಿಗೆ ಆತಕೂರು ಹನ್ನೆರಡು ಬಾಳ್ಗಚ್ಚಾಗಿ ಬಂದದ್ದನ್ನೂ ಅದೇ ಕಲ್ಲು ಹೇಳುತ್ತದೆ. ಗೆದ್ದು ಬಂದು, ಬದುಕಿ, ತಾನು ಪಡೆದ ಮೆಚ್ಚುಗೆಯನ್ನೇ ಕಳೆದುಕೊಂಡವನೊಬ್ಬ ಇಲ್ಲಿದ್ದಾನೆ. ಯೋಧನ ಖಾಸಗಿ ದುಃಖಕ್ಕೆ ನಮ್ಮ ಶಾಸನಸಾಹಿತ್ಯ ಇಷ್ಟು ಹತ್ತಿರ ಬಂದ ಇನ್ನೊಂದು ಎಡೆಯನ್ನು ನಾನು ಕಾಣೆ. ಅದೂ ಒಂದು ನಾಯಿಯ ಮೂಲಕ!

ಜೋಳವಾಳಿ, ವೇಳೆವಾಳಿ ಎಂಬ ಮಾತುಗಳ ಇನ್ನೊಂದು ಮುಖವನ್ನೂ ಹೇಳಬೇಕು. ಒಡೆಯನ ಜೋಳ ತಿಂದ ಋಣ ಒಂದು. ಒಡೆಯ ಸತ್ತರೆ ತಾನೂ ಸಾಯುವ ಭಾಷೆ ಇನ್ನೊಂದು. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿದಾಗ ಕುವರಲಕ್ಷ್ಮನೂ ಅವನ ಪರಿವಾರವೂ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಕಂಬ ಸಾರುತ್ತದೆ. ಅದರ ಗಾಂಭೀರ್ಯಕ್ಕೆ ತಲೆಬಾಗದಿರಲಾರೆವು. ಆದರೂ ಆಳಿನ ಋಣವನ್ನು ಇಷ್ಟು ಕರಾರುವಾಕ್ಕಾಗಿ ಅಳೆದ ಭಾಷೆ, ಆಳಿನ ಕಡೆಗೆ ಒಡೆಯನಿಗಿರುವ ಋಣಕ್ಕೆ ಇಂಥದೇ ಬಿರುಸಿನ ಮಾತನ್ನು ಕಟ್ಟಿಕೊಂಡಿಲ್ಲ.

ಆ ಒಡೆಯನ ಋಣವನ್ನು ಎತ್ತಿ ಕೇಳಿದ ಪುಸ್ತಕ ನಮ್ಮ ಕಾಲದಲ್ಲಿ ಬಂತು. 1962ರ ಅಕ್ಟೋಬರ್ 20ರಂದು ನಮ್ಕಾ ಚೂ ಹೊಳೆಯ ದಂಡೆಯಲ್ಲಿ ಚೀನೀ ಸೈನ್ಯ ಮೇಲೆ ಬಿದ್ದಾಗ ಅಲ್ಲಿದ್ದ ಏಳನೆಯ ಬ್ರಿಗೇಡಿನ ದಳಪತಿ ಜಾನ್ ದಳವಿ. ಎರಡು ದಿನಗಳಲ್ಲಿ ಸೆರೆಸಿಕ್ಕಿ, ಸುಮಾರು ಏಳು ತಿಂಗಳು ಬಂಧನದಲ್ಲಿದ್ದು ಬಂದ ಈತ 1969ರಲ್ಲಿ 'ಹಿಮಾಲಯನ್ ಬ್ಲಂಡರ್' ಪ್ರಕಟಿಸಿದರು. ರವಿ ಬೆಳಗೆರೆಯವರು ಅದನ್ನು ಕನ್ನಡಕ್ಕೆ ತಂದರು. ಸೆರೆಯಿಂದ ಮರಳಿದವನಿಗೆ ಸಿರಿಯೂ ಇಲ್ಲ, ಸುರಾಂಗನೆಯೂ ಇಲ್ಲ. ಆ ಮೂರನೆಯ ಗತಿಯವನೇ ಇಲ್ಲಿ ಬಾಯಿ ತೆರೆದಿದ್ದಾನೆ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ತನ್ನ ಪಕ್ಷವನ್ನು ವಾದಿಸುವ ವಕೀಲನ ದನಿ ಅಲ್ಲಲ್ಲಿ ಮೇಲೇಳುತ್ತದೆ. ದಿಲ್ಲಿಯ ರಾಜಕಾರಣಿಗಳ ಮೇಲಿನ ಸಿಟ್ಟು ಕೆಲವೆಡೆ ವಿವೇಚನೆಯನ್ನು ನುಂಗುತ್ತದೆ. ಬೆಳಗೆರೆಯವರ ಗದ್ಯಕ್ಕೆ ಕಾವೂ ವೇಗವೂ ಇವೆ. ಆ ವೇಗ ಆಪಾದನೆಗೆ ಒಪ್ಪಿದಷ್ಟು, ಮಲೆಯ ಚಳಿಯಲ್ಲಿ ಸಿಪಾಯಿ ಕಾದು ಕುಳಿತ ದಿನಗಳಿಗೆ ಒಪ್ಪುವುದಿಲ್ಲ. ಆದರೂ ಹತ್ತು ಸಾವಿರ ಅಡಿಗೂ ಮೇಲೆ ಹತ್ತಿಯ ಬಟ್ಟೆಯಲ್ಲಿ ನಿಂತವರು, ಸಾಲದ ಮದ್ದುಗುಂಡು, ವಿಮಾನದಿಂದ ಬಿಸಾಡಿದ ಸಾಮಾನು ಕೈಗೆಟುಕದ ಕಮರಿಗೆ ಬೀಳುವುದು, ಇಂಥ ವಿವರಗಳ ಮುಂದೆ ಯಾವ ವಾದವೂ ಬೇಡ. ಬೇಗೂರಿನ ಕಲ್ಲಿನ ಪಟ್ಟಿಯಂತೆಯೇ ಈ ಪಟ್ಟಿಯೂ ಮಾತಾಡುತ್ತದೆ. ಅಲ್ಲಿ ಕೊಟ್ಟದ್ದರ ಲೆಕ್ಕ. ಇಲ್ಲಿ ಕೊಡದೆ ಹೋದದ್ದರ ಲೆಕ್ಕ.

ಇದು ದಳಪತಿಯ ಕಥೆಯಾಯಿತು. ಹವಾಲ್ದಾರನ ಕಥೆ? 1949ರಲ್ಲಿ ಭೂಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರಿಯಪ್ಪ, 1957ರಿಂದ 1961ರವರೆಗೆ ಮುಖ್ಯಸ್ಥರಾಗಿದ್ದ ತಿಮ್ಮಯ್ಯ, ಇಬ್ಬರೂ ಕೊಡಗಿನವರೆಂದು ನಾವು ಹೆಮ್ಮೆಪಡುತ್ತೇವೆ. ಹದಿನೈದು ವರ್ಷ ದುಡಿದು, ಮೂವತ್ತೈದರ ಸುಮಾರಿಗೆ ಪಿಂಚಣಿಯೊಡನೆ ಊರಿಗೆ ಬಂದು, ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಂತವನ ಒಳಬಾಳನ್ನು ಚಿತ್ರಿಸಿದ ಸಮರ್ಥ ಕಾದಂಬರಿಯನ್ನು ಮಾತ್ರ ನಾನು ಓದಿದಷ್ಟರಲ್ಲಿ ಕಂಡಿಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಮೂಲ ನಿಯಮದಂತೆ, ನಾಲ್ಕು ವರ್ಷದ ಸೇವೆಯ ಮೇಲೆ ಮುಂದುವರಿಯುವವರು ನೂರಕ್ಕೆ 25ಕ್ಕೆ ಮೀರುವುದಿಲ್ಲ; ಉಳಿದವರು ಒಂದು ಗಂಟು ಹಣ ಪಡೆದು, ಪಿಂಚಣಿಯಿಲ್ಲದೆ, ಇಪ್ಪತ್ತೈದರ ಆಚೀಚೆ ಮನೆಗೆ ಮರಳುವ ತರುಣರು. ಮೂರನೆಯ ಗತಿಯವರ ಸಂಖ್ಯೆ ಹೀಗೆ ಬೆಳೆಯುವ ಹೊತ್ತಿನಲ್ಲಿ ನಮ್ಮ ಲೇಖಕರು ಇನ್ನೂ ಗೆಲುವು ಸಾವುಗಳ ಎರಡು ಬಾಬನ್ನೇ ನೆಚ್ಚಿ ಕೂತರೆ ಹೇಗೆ?

ಸೈನಿಕನನ್ನು ಹೊಗಳುವುದು ಸುಲಭ, ಹೊಗಳಿಕೆಗೆ ಖರ್ಚಿಲ್ಲ. ಅವನಿಗೆ ಸಂದದ್ದೆಷ್ಟು, ಸಲ್ಲದೆ ಉಳಿದದ್ದೆಷ್ಟು ಎಂಬುದನ್ನು ಅಂಜದೆ ಬರೆದಿಡುವುದು ಕಷ್ಟ. ಸಾವಿರ ವರ್ಷಗಳ ಹಿಂದೆ ಹೆಸರು ತಿಳಿಯದ ಶಾಸನಕಾರನೊಬ್ಬ ಅರ್ಧ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಉಳಿದರ್ಧವನ್ನು ಕನ್ನಡದ ಗದ್ಯ ಬರೆಯಬೇಕು.