ಒಂದು ಹಾಳೆಯ ವಕಾಲತ್ತು

ವಕೀಲರು ತಮ್ಮ ಬಗ್ಗೆ ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ಕಚೇರಿಯ ನಾಮಫಲಕವೂ ಮಿತಿ ಮೀರಬಾರದು. ಹಾಗಾಗಿ ಕೆಲಸ ಕೇಳಿ ಬರೆಯುವ ಬಯೋಡೇಟಾ, ಕಿರಿಯ ವಕೀಲರು ತಮ್ಮ ಪರವಾಗಿ ತಾವೇ ವಾದಿಸುವ ಅಪರೂಪದ ಜಾಗ.

ಭಟ್ಕಳ, ಹೊನ್ನಾವರ, ಕುಮಟಾದ ಕೋರ್ಟುಗಳಲ್ಲಿ ಪಳಗಿದವರ ಕಣ್ಣು ಧಾರವಾಡದ ಹೈಕೋರ್ಟ್ ಪೀಠದತ್ತ ಹರಿಯುವುದು ಸಹಜ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಅದರ ವ್ಯಾಪ್ತಿಗೆ ಉತ್ತರ ಕನ್ನಡವೂ ಸೇರಿದೆ. ಅಲ್ಲಿನ ಹಿರಿಯ ವಕೀಲರ ಮೇಜಿನ ಮೇಲೆ ‘ಶ್ರಮಜೀವಿ’, ‘ಉತ್ಸಾಹಿ’ ಎಂಬ ಪದಗಳಿಗೆ ತೂಕವಿಲ್ಲ. ‘ಹೆದ್ದಾರಿ 66ರ ಭೂಸ್ವಾಧೀನ ಪರಿಹಾರದ ಅರ್ಜಿಗಳ ಕರಡು ಬರೆದಿದ್ದೇನೆ, ಪಾಲು ದಾವೆಯ ಪಾಟೀಸವಾಲಿಗೆ ಟಿಪ್ಪಣಿ ಮಾಡಿಕೊಟ್ಟಿದ್ದೇನೆ’ ಎಂಬ ಸಾಲು ಕಂಡರೆ ಓದುವವರು ಪುಟ ತಿರುವದೆ ನಿಲ್ಲುತ್ತಾರೆ. ಕಕ್ಷಿದಾರರ ಹೆಸರು ಮಾತ್ರ ಎಲ್ಲೂ ಬರಬಾರದು. ಗುಟ್ಟು ಕಾಯಬಲ್ಲವರೆಂಬುದಕ್ಕೆ ಅದೇ ಮೊದಲ ಸಾಕ್ಷಿ.

ಕರಾವಳಿಯವರ ನಿಜವಾದ ಬಂಡವಾಳ ಬೇರೆಯೇ ಇದೆ. ತಾಲ್ಲೂಕು ಕೋರ್ಟಿನ ಸಾಕ್ಷಿ ಹೇಳಿಕೆ ಸಾಮಾನ್ಯವಾಗಿ ಕನ್ನಡದಲ್ಲಿ. ಹೈಕೋರ್ಟಿನ ವಾದ ಇಂಗ್ಲಿಷಿನಲ್ಲಿ. ಕೊಂಕಣಿ, ನವಾಯತಿ, ಹವ್ಯಕ ಕನ್ನಡ ಕೇಳುತ್ತ ಬೆಳೆದವರು ಸಾಕ್ಷಿಯ ಮಾತಿನ ಒಳದನಿಯನ್ನೂ ಹಿಡಿಯಬಲ್ಲರು. ಇದನ್ನು ‘ತಿಳಿದ ಭಾಷೆಗಳು’ ಎಂದು ಹಾಳೆಯ ತಳಕ್ಕೆ ದೂಡುವುದು ದೊಡ್ಡ ನಷ್ಟ. ಮೇಲೆಯೇ ಬರಲಿ, ಒಂದು ಉದಾಹರಣೆಯೊಂದಿಗೆ.

ಜೊತೆಗಿಡುವ ಪತ್ರಕ್ಕೆ ಅರ್ಧ ಪುಟ ಸಾಕು: ಆ ಕಚೇರಿಯೇ ಯಾಕೆ, ಅಲ್ಲಿ ನಡೆಯುವ ಯಾವ ಬಗೆಯ ಪ್ರಕರಣಕ್ಕೆ ತಮ್ಮ ಅನುಭವ ಒದಗುತ್ತದೆ. ಸನ್ನದು ಪಡೆದ ವರ್ಷ, ನೋಂದಣಿ ಸಂಖ್ಯೆ, ಕಲಂಗಳ ಸಂಖ್ಯೆ ಎರಡೆರಡು ಸಲ ತಾಳೆ ನೋಡಿರಬೇಕು. ದಾವೆಯ ಕರಡನ್ನೂ ಹೀಗೇ ತಿದ್ದುತ್ತಾರೆಯೇ ಎಂದು ಹಿರಿಯರು ಅಳೆಯುವುದು ಅಲ್ಲೇ.