ಎರಡನೇ ಅಧ್ಯಾಯ ಮೊದಲಿಗೆ

ಅಮೆರಿಕದ ಪತ್ತೇದಾರಿ ಕಾದಂಬರಿಕಾರ ಲಾರೆನ್ಸ್ ಬ್ಲಾಕ್ ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ‘ಡೆತ್ ಪುಲ್ಸ್ ಎ ಡಬಲ್‌ಕ್ರಾಸ್’ ಕಾದಂಬರಿಯ ಹಸ್ತಪ್ರತಿ ಓದಿದ ಅವರ ಏಜೆಂಟ್ ಒಂದು ಸಲಹೆ ಕೊಟ್ಟರು: ಮೊದಲೆರಡು ಅಧ್ಯಾಯಗಳನ್ನು ಅದಲುಬದಲು ಮಾಡು. ಬ್ಲಾಕ್ ಮಾಡಿದರು. 1961ರಲ್ಲಿ ಪುಸ್ತಕ ಬಂದಾಗ, ಪುಟ ತೆರೆದರೆ ಪತ್ತೇದಾರ ಕಾರ್ಪೆಟ್ಟಿನಲ್ಲಿ ಸುತ್ತಿದ ಹೆಣವನ್ನು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಸಾಗಿಸುತ್ತಿದ್ದ. ಯಾರ ಹೆಣ, ಇವನಿಗೇಕೆ ಈ ಉಸಾಬರಿ ಎಂಬುದೆಲ್ಲ ಆಮೇಲೆ.

ಮುಂದೆ ಬ್ಲಾಕ್ ಮೇಷ್ಟರಾದಾಗ ಇದೇ ಅವರ ಹೆಸರಾಂತ ಪಾಠವಾಯಿತು. 1976ರಿಂದ ಹದಿನಾಲ್ಕು ವರ್ಷ ‘ರೈಟರ್ಸ್ ಡೈಜೆಸ್ಟ್’ ಪತ್ರಿಕೆಗೆ ಕಥೆ ಕಟ್ಟುವ ಬಗ್ಗೆ ಅಂಕಣ ಬರೆದರು. ‘ಟೆಲ್ಲಿಂಗ್ ಲೈಸ್ ಫಾರ್ ಫನ್ ಅಂಡ್ ಪ್ರಾಫಿಟ್’ ಆ ಅಂಕಣಗಳಿಂದಲೇ ಹುಟ್ಟಿದ ಪುಸ್ತಕ. ಅವರ ಮಾತಿಗೆ ತೂಕ ಬಂದಿದ್ದು ದುಡಿಮೆಯಿಂದ. ಕಾಲೇಜಿನ ದಿನಗಳಲ್ಲೇ ಸ್ಕಾಟ್ ಮೆರೆಡಿತ್ ಸಾಹಿತ್ಯ ಏಜೆನ್ಸಿಯಲ್ಲಿ ಕೂತು, ಶುಲ್ಕ ಕಟ್ಟಿ ಹಸ್ತಪ್ರತಿ ಕಳಿಸುತ್ತಿದ್ದ ಅಪರಿಚಿತರ ಕಥೆಗಳನ್ನು ಓದಿ ಉತ್ತರ ಬರೆಯುತ್ತಿದ್ದರು. ಕೆಟ್ಟ ಕಥೆ ಎಲ್ಲಿ ಕೆಟ್ಟಿತು ಎಂದು ದಿನವಿಡೀ ಹುಡುಕುವುದಕ್ಕಿಂತ ಒಳ್ಳೆಯ ಶಾಲೆ ಬೇರೆ ಇಲ್ಲವೆಂದೇ ನನ್ನ ನಂಬಿಕೆ. ಆಮೇಲೆ ಹತ್ತಾರು ಗುಪ್ತನಾಮಗಳಲ್ಲಿ ಹೊಟ್ಟೆಪಾಡಿನ ಪೇಪರ್‌ಬ್ಯಾಕ್‌ಗಳು.

ಅಂಕಣ ಶುರುವಾದ 1976ರಲ್ಲೇ ಬ್ಲಾಕ್ ಅವರ ಕಾದಂಬರಿ ಸರಣಿಯ ಪತ್ತೇದಾರ ಮ್ಯಾಥ್ಯೂ ಸ್ಕಡರ್ ಕೂಡ ಬಂದ. ಮಾಜಿ ಪೊಲೀಸ್. ದರೋಡೆಕೋರರ ಬೆನ್ನಟ್ಟಿ ಹಾರಿಸಿದ ಗುಂಡು ಗುರಿ ತಪ್ಪಿ ಒಬ್ಬ ಪುಟ್ಟ ಹುಡುಗಿಯನ್ನು ಕೊಂದಿದೆ. ನೌಕರಿ, ಸಂಸಾರ ಎರಡನ್ನೂ ಬಿಟ್ಟು ಹೋಟೆಲ್ ಕೋಣೆಯೊಂದರಲ್ಲಿದ್ದಾನೆ. ಪತ್ತೇದಾರಿಕೆಗೆ ಲೈಸೆನ್ಸ್ ಇಲ್ಲ. ಕೈಗೆ ಬಂದ ಕಾಸಿನಲ್ಲಿ ಹತ್ತನೇ ಒಂದು ಪಾಲನ್ನು ಬಾಗಿಲು ತೆರೆದಿರುವ ಯಾವುದಾದರೂ ಚರ್ಚಿನ ಡಬ್ಬಿಗೆ ಹಾಕುತ್ತಾನೆ. ದೇವರನ್ನು ನಂಬಿ ಅಲ್ಲ. ಏಕೆಂದು ಅವನಿಗೂ ತಿಳಿಯದು.

1982ರ ‘ಎಯ್ಟ್ ಮಿಲಿಯನ್ ವೇಸ್ ಟು ಡೈ’ ಈ ಸರಣಿಯ ಶಿಖರ. ವೇಶ್ಯಾವೃತ್ತಿ ಬಿಡಬೇಕೆಂದಿದ್ದ ಹೆಣ್ಣೊಬ್ಬಳ ಕೊಲೆಯಾಗುತ್ತದೆ; ಅವಳ ದಲ್ಲಾಳಿಯೇ ಬಂದು ಕೊಂದವರನ್ನು ಹುಡುಕು ಎನ್ನುತ್ತಾನೆ. ಸ್ಕಡರ್ ಆಗ ಕುಡಿತ ಬಿಡಲು ಒದ್ದಾಡುತ್ತಿದ್ದಾನೆ. ಮದ್ಯವ್ಯಸನಿಗಳ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ತನ್ನ ಸರದಿ ಬಂದಾಗಲೆಲ್ಲ, ಇವತ್ತು ಕೇಳುವುದಷ್ಟೇ ಸಾಕು ಎನ್ನುತ್ತಾನೆ. ಆ ಮನುಷ್ಯ ಹೇಳದೆ ಉಳಿಸಿಕೊಂಡ ಮಾತನ್ನು ಬ್ಲಾಕ್ ಎಷ್ಟು ಹೊತ್ತು ತಡೆದಿಡುತ್ತಾರೆ ನೋಡಿ! ಯಾವುದನ್ನು ಮುಂದಿಡಬೇಕು ಎಂದು ಏಜೆಂಟರಿಂದ ಕಲಿತವರು, ಯಾವುದನ್ನು ತಡೆದಿಡಬೇಕು ಎಂಬುದನ್ನು ಇಲ್ಲಿ ತಾವೇ ಕಂಡುಕೊಂಡಿದ್ದಾರೆ. ಕೊಲೆಗಾರ ಯಾರೆಂಬುದು ನನಗೆ ಮರೆತರೂ ಮರೆತೀತು, ಆ ಸಭೆಗಳು ಮರೆಯುವುದಿಲ್ಲ.

1994ರಲ್ಲಿ ಅಮೆರಿಕದ ಪತ್ತೇದಾರಿ ಲೇಖಕರ ಸಂಘ ಅವರಿಗೆ ಗ್ರ್ಯಾಂಡ್ ಮಾಸ್ಟರ್ ಗೌರವ ಕೊಟ್ಟಿತು. ಬರೆಯುವ ಹಂಬಲವಿರುವವರು ಅವರ ಪಾಠದ ಪುಸ್ತಕವನ್ನು ಆಮೇಲೆ ಹಿಡಿಯಲಿ. ಮೊದಲು ಆ 1982ರ ಕಾದಂಬರಿ ಓದಿ, ದಯವಿಟ್ಟು ಕೊನೆಯ ಪುಟವನ್ನು ಮುಂಚೆ ತಿರುವಿ ನೋಡಬೇಡಿ.