ಕೊರಡು ಹೊಡೆದ ರಾಗಿ

ಎಳೆ ಪೈರಿನ ಮೇಲೆ ಎತ್ತು ಹೂಡಿ ಮರದ ಕೊರಡು ಎಳೆಸಿದರೆ ನೋಡಿದವರು ಹೌಹಾರುತ್ತಾರೆ. ಹಾವೇರಿ ಭಾಗದ ರೈತರು ರಾಗಿಯಲ್ಲಿ ಇದನ್ನೇ ಮಾಡುತ್ತ ಬಂದಿದ್ದಾರೆ. ಹೊಲಕ್ಕೆ ಉದ್ದಡ್ಡ ಸಾಲು ಹೊಡೆದು, ಸಾಲು ಕೂಡುವಲ್ಲಿ ಗುಳಿ ತೆಗೆದು, ಹಿಡಿ ಗೊಬ್ಬರ ಹಾಕಿ, ಮೂರು ವಾರದ ಎರಡು ಸಸಿ ಊರುತ್ತಾರೆ. ಗುಳಿಯಿಂದ ಗುಳಿಗೆ ಸುಮಾರು ಒಂದೂವರೆ ಅಡಿ. ಸಸಿ ಬೇರು ಹಿಡಿದ ಮೇಲೆ ಕೊರಡು ಹೊಡೆದಾಗ ಪೈರು ಬಾಗುತ್ತದೆ, ಬುಡದಲ್ಲಿ ಹೊಸ ತೆಂಡೆ ಒಡೆಯುತ್ತದೆ. ಎಡೆಕುಂಟೆ ಆಡಿಸಿದರೆ ಕಳೆಯೂ ಹೋಗುತ್ತದೆ, ಮಣ್ಣೂ ಸಡಿಲಾಗುತ್ತದೆ. ಬೇರು ಅಗಲಕ್ಕೂ ಆಳಕ್ಕೂ ಇಳಿದ ಪೈರು ಮಳೆ ಕೈಕೊಟ್ಟ ದಿನಗಳನ್ನು ದಾಟುತ್ತದೆ. 1980ರ ದಶಕದಲ್ಲಿ ಮಡಗಾಸ್ಕರಿನಲ್ಲಿ ರೂಪುಗೊಂಡ ವಿರಳ ನಾಟಿಯ ಭತ್ತದ ಪದ್ಧತಿಗೆ ಜಗತ್ತು ಕಿವಿಗೊಟ್ಟಿತು. ಅದೇ ತತ್ವ ನಮ್ಮ ಹೊಲದಲ್ಲೇ ಇತ್ತು.

ಹವಾಮಾನ ಕೆಟ್ಟ ಕಾಲಕ್ಕೆ ಇಷ್ಟು ಅಗ್ಗದ, ಇಷ್ಟು ಬುದ್ಧಿಯ ಉತ್ತರ ಅಪರೂಪ. ಆದರೂ ಇದರ ಭಾರ ಹೊರುವವರು ಯಾರೆಂದು ಕೇಳಲೇಬೇಕು. ಗುಳಿ ಗುಳಿಗೂ ಬಗ್ಗಿ ಸಸಿ ಊರುವವರು ಹೆಚ್ಚಾಗಿ ಹೆಂಗಸರು. ಎತ್ತು ಕಡಿಮೆಯಾದ ಊರಲ್ಲಿ ಕೊರಡು ಎಳೆಯುವವರಾರು?

ರೈತರ ಇಂಥ ಜಾಣ್ಮೆಗೆ ನಾವು ಕೊಡುವ ಬೆಂಬಲದ ಕ್ರಮ ಎಡವುವುದು ಇಲ್ಲೇ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ರೂಪಿಸಿದ ಕೂರಿಗೆ ಮೊದಲಾದ ಸಲಕರಣೆಗಳು ದಶಕಗಳ ಕಾಲ ಹೊಲದಲ್ಲಿ ದುಡಿದ ಮೇಲೆ, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗೌರವ ನ್ಯಾಯವಾದದ್ದೇ, ಬಂದದ್ದು ಮಾತ್ರ ತಡವಾಗಿ. ಸಿರಿಧಾನ್ಯಕ್ಕೆ ರಾಜ್ಯ ಸರ್ಕಾರದ 'ರೈತ ಸಿರಿ' ಯೋಜನೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟಿತು. ಆ ದುಡ್ಡು ಬಿತ್ತಿದ ಕ್ಷೇತ್ರದ ಲೆಕ್ಕಕ್ಕೆ ಸಂದಿತು. ಹೊಸದನ್ನು ಮಾಡಿ ನೋಡಿ ಸೋತವನಿಗೆ ಅದರಲ್ಲಿ ಜಾಗವಿರಲಿಲ್ಲ. ಪೇಟೆಯೂ ಕಾಯುವುದಿಲ್ಲ. ಬೆಳಗಾವಿಯ ರವಿವಾರ ಪೇಟೆಯ ಸಗಟು ವ್ಯಾಪಾರದಲ್ಲಿ ದರ ನಿಲ್ಲುವುದು ತೂಕ, ತೇವ, ಕಸದ ಮೇಲೆ. ಬೆಳೆದವರ ಜಾಣ್ಮೆಗೆ ಅಲ್ಲಿ ಬೆಲೆಯಿಲ್ಲ.

ಹಾವೇರಿಯ ಪದ್ಧತಿಯನ್ನು ಹಾಗೇ ಎತ್ತಿ ಬೆಳಗಾವಿ ಜಿಲ್ಲೆಯ ಖಾನಾಪುರಕ್ಕೆ ಹಾಕುವುದೂ ತಪ್ಪಾದೀತು. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಗೆ ಇಳಿಜಾರಿನ ಗುಳಿಯೇ ತುಂಬಿ ಸಸಿ ಕೊಳೆಯಬಹುದು. ಅದು ಅಲ್ಲಿಯ ನಾಚಣಿ (ರಾಗಿ) ಬೆಳೆಗಾರರೇ ತಮ್ಮ ತುಂಡು ಹೊಲದಲ್ಲಿ ತಿದ್ದಿ ನೋಡಬೇಕಾದ ಕೆಲಸ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ ಅಲ್ಲಿ ಅಳೆಯುವವನಾಗಿ ಬರಲಿ, ಕಲಿಸುವವನಾಗಿ ಆಮೇಲೆ. ಕೃಷಿ ಇಲಾಖೆ ಮುಂದಿನ ಮುಂಗಾರಿನೊಳಗೆ ಪ್ರತಿ ಹೋಬಳಿಯಲ್ಲಿ ಕೆಲವು ರೈತರಿಗೆ, ರೈತ ಮಹಿಳೆಯರಿಗೆ ಐದೈದು ಗುಂಟೆ ಪ್ರಯೋಗದ ನಷ್ಟ ತುಂಬಿಕೊಡುವ ಭರವಸೆಯನ್ನು ಬರಹದಲ್ಲಿ ಕೊಡಲಿ.